ಇಂಗ್ಲಿಷಿಗೊಂದು ಹೂಂ

ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಗೋಡೆಗೆ ಇಂಗ್ಲಿಷ್ ಪತ್ರಿಕೆ ಓದಿ ಹೇಳುತ್ತಿದ್ದಾಳೆ. ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿದರೆ ಮಾತು ಸಲೀಸಾಗುತ್ತದೆಂದು ಅವಳ ಟೀಚರು ಹೇಳಿದ್ದಾರಂತೆ. ಹೊಸ ಔಷಧವೇನಲ್ಲ. ನಿಜಾಮರ ಕಾಲದಲ್ಲಿ, ಮಸ್ಕಿಯಲ್ಲಿ, ಈ ಕಷಾಯವನ್ನು ನಾನೂ ಕುಡಿದವನೇ. ಗುಣವಾಯಿತೇ ಎಂದು ಮಾತ್ರ ಈಗಲೇ ಕೇಳಬೇಡಿ.

ನಾನು ಉರ್ದುವಿನಲ್ಲಿ ಓದಿ ಪಾಸಾದವನು. ಇಂಗ್ಲಿಷ್ ಬರೆಯುತ್ತಿದ್ದೆ, ಮಾತಾಡಲು ಹೋದರೆ ಮಾತ್ರ ನಾಲಿಗೆ ನೊಗ ಚೆಲ್ಲಿ ಕೂತ ಎತ್ತಿನಂತೆ ಏಳುತ್ತಿರಲಿಲ್ಲ. ಲಿಂಗಸುಗೂರಿನ ಆಚೆ ಮುಚ್ಚಿದ್ದ ಚಿನ್ನದ ಗಣಿಯನ್ನು ಮತ್ತೆ ತೆರೆಯುತ್ತಾರೆ, ಗುಮಾಸ್ತರು ಬೇಕು, ಬಿಳಿ ಸಾಹೇಬರೇ ಎದುರಿಗೆ ನಿಲ್ಲಿಸಿ ಮಾತಾಡಿಸುತ್ತಾರೆ ಎಂಬ ಸುದ್ದಿ. ಆ ಜಾಗ ಸಿಗದಿದ್ದರೆ ಸಿಂಧನೂರಿನ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಆಯುಷ್ಯ ಅಳೆಯಬೇಕಾಗಿತ್ತು.

“ಅಖಬಾರ್ ಜೋರಿಲೆ ಓದು ಬೇಟಾ, ಜಬಾನ್ ತಾನಾ ಸಡ್ಲ ಆಗ್ತೈತಿ,” ಎಂದರು ನಮ್ಮ ಮಾಸ್ತರು.

ಮೋಟಾರಿನವನು ತಂದುಕೊಡುತ್ತಿದ್ದ ನಾಲ್ಕು ದಿನದ ಹಳೇ ಪತ್ರಿಕೆ ಹಿಡಿದು ಪಡಸಾಲೆಯಲ್ಲಿ ಶುರು ಮಾಡಿದೆ. ಮೊದಲ ದಿನ ಬೆಕ್ಕು ಎದ್ದುಹೋಯಿತು. ಎರಡನೆಯ ದಿನ ಆಯಿ, ಅಂದರೆ ಅಪ್ಪನ ತಾಯಿ, ಬತ್ತಿಯ ಹತ್ತಿ ಹಿಡಿದು ಬಂದು ಕಂಬಕ್ಕೆ ಆತು ಕೂತಳು. ಪಡಸಾಲೆಯಲ್ಲಿ ಕಂಬವೇ ಇರಲಿಲ್ಲ ಎನ್ನುತ್ತಾನೆ ನನ್ನ ತಮ್ಮ. ಇರಲಿ, ಆಯಿಗೆ ಆತುಕೊಳ್ಳಲು ಏನಾದರೂ ಬೇಕಲ್ಲ.

ಮುತ್ಯಾ, ಅಂದರೆ ಆಯಿಯ ಗಂಡ, ಇರುವವರೆಗೆ ದಿನಾ ಪುರಾಣ ಓದುತ್ತಿದ್ದ; ಸಾಲಿಗೊಮ್ಮೆ ಆಯಿ “ಹೂಂ” ಎನ್ನುತ್ತಿದ್ದಳು. ಪುರಾಣ ಕೇಳುವವರಲ್ಲಿ ಒಬ್ಬರಾದರೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಓದುವವನು ಮುಂದಿನ ಸಾಲಿಗೆ ಹೋಗುವಂತಿಲ್ಲ. ಮುತ್ಯಾ ಸತ್ತ ಮೇಲೆ ಆ ಹೂಂ ಅವಳ ಗಂಟಲಲ್ಲೇ ಉಳಿದಿತ್ತೆಂದು ಕಾಣುತ್ತದೆ. ನನ್ನ ಮೊದಲ ವಾಕ್ಯ ಮುಗಿದದ್ದೇ ತಡ, “ಹೂಂ!”

“ಅಷ್ಟ್ಯಾಕ ಓಡ್ತೀಲೇ? ದೇವ್ರ ಹೆಸ್ರು ಬಂದಾಗರ ಒಂಚೂರು ನಿಂದ್ರು.”

“ಇದ್ರಾಗ ದೇವ್ರು ಎಲ್ಲ್ಯಾನ ಆಯಿ? ಹತ್ತಿ ಧಾರಣಿ ಇದು.”

“ಹತ್ತಿ ಏನ್ ನಿಮ್ಮಪ್ಪ ಹುಟ್ಟಿಸ್ಯಾನೇನು? ಓದು.”

ಓದಿದೆ. ಲಾರ್ಡುಗಳ ಭಾಷಣ, ಮುಳುಗಿದ ಹಡಗು, ಕೂದಲೆಣ್ಣೆಯ ಜಾಹೀರಾತು, ಎಲ್ಲಕ್ಕೂ ಒಂದೇ ಭಕ್ತಿಯ ಹೂಂ. ಎರಡು ತಿಂಗಳಲ್ಲಿ ಎತ್ತು ನಿಜಕ್ಕೂ ಎದ್ದು ನಡೆಯಿತು.

ಗಣಿಯ ಕಚೇರಿಯಲ್ಲಿ ಸಾಹೇಬರು, ನಿಮ್ಮೂರಿನ ಬಗ್ಗೆ ಹೇಳು ಎಂದರು. ನಮ್ಮೂರಲ್ಲಿ ಒಂದು ಬಂಡೆಯಿದೆ, ಅದರ ಮೇಲೆ ಹಳೇ ರಾಜನೊಬ್ಬ ಶಾಸನ ಬರೆಸಿದ್ದಾನೆ ಎಂದೆ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ. ನಿಂತೆ. ಸಾಹೇಬರು ಹೂಂ ಅನ್ನಲಿಲ್ಲ. ನಾನು ಕಾದೆ. ಅವರೂ ಕಾದರು. ಮುಂದಿನ ವಾಕ್ಯ ಹಲ್ಲಿನ ಹಿಂದೆಯೇ ಸಿದ್ಧವಾಗಿ ನಿಂತಿತ್ತು, ಹೂಂ ಇಲ್ಲದೆ ಹೊಸ್ತಿಲು ದಾಟಲೊಲ್ಲದು. ಆ ರಾಜನ ಮಾತಿಗೂ ಎರಡು ಸಾವಿರ ವರ್ಷದಿಂದ ಯಾರೂ ಹೂಂ ಅಂದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೊನೆಗೆ ಸಾಹೇಬರು ಪೈಪನ್ನು ಬಾಯಿಗಿಟ್ಟು “ಹ್ಮ್” ಎಂದರು. ನಾನು ಕಾಲುವೆ ಒಡೆದಂತೆ ಹರಿದೆ.

ಹೀಗೆಂದು ಗೆಳೆಯರಿಗೆ ಹೇಳುತ್ತ ಬಂದಿದ್ದೇನೆ. ಆ ಪೈಪು ಬಹುಶಃ ಮೂರನೆಯ ಸಲ ಹೇಳುವಾಗ ಹುಟ್ಟಿದ್ದು. ನಡೆದದ್ದು ಇಷ್ಟೇ: ಸಾಹೇಬರು ಏನೂ ಅನ್ನಲಿಲ್ಲ, ಜವಾನ ಮುಂದಿನವನ ಹೆಸರು ಕೂಗಿದ.

ಮರುದಿನ ಬೆಳಿಗ್ಗೆ ಆಯಿ ಹತ್ತಿ ಹಿಡಿದು ಬಂದು ಕೂತಳು. “ಓದು.”

“ನೌಕರಿ ಹೋತು ಆಯಿ. ಇನ್ನ್ಯಾಕ ಓದ್ಲಿ?”

“ನಿನ್ ನೌಕರಿ ಸಲುವಾಗಿ ನಾ ಯಾವಾಗ ಕೇಳಿದ್ನೋ ಮಂಗ್ಯಾ?”

ಸಿಂಧನೂರಿಗೆ ಹೊರಡುವ ದಿನದವರೆಗೂ ಓದಿದೆ. ಆಮೇಲೆ ಅವಳಿಗೆ ತಮ್ಮ ಓದಿ ಹೇಳುತ್ತಿದ್ದನೆಂದು ನನ್ನ ನೆನಪು. ಅವನನ್ನು ಕೇಳಿದರೆ ಇಲ್ಲ, ಯಾರೂ ಓದಲಿಲ್ಲ ಎನ್ನುತ್ತಾನೆ. ಕಂಬದ ವಿಷಯದಲ್ಲಿ ನಂಬದ ಅವನನ್ನು ಇದರಲ್ಲಿ ನಂಬಬೇಕಾಗಿದೆ.

ಕುರ್ಚಿ ಎಳೆದುಕೊಂಡು ಮೊಮ್ಮಗಳ ಕೋಣೆಗೆ ಹೋಗಿ ಕೂತೆ. ಅವಳು ಒಂದು ವಾಕ್ಯ ಮುಗಿಸಿದಳು. “ಹೂಂ,” ಎಂದೆ.

“ತಪ್ಪು ಓದಿದ್ನೇನು ಮುತ್ಯಾ?”

“ಇಲ್ಲವ್ವ.”

“ಮತ್ತ ಹೂಂ ಯಾಕ? ಇದು ಸಿಮೆಂಟಿನ ಜಾಹೀರಾತು.”

“ಇರ್ಲಿ, ಓದು.”

ಓದಿದಳು. ಮೂರನೆಯ ವಾಕ್ಯದ ಕೊನೆಗೆ ತಾನಾಗಿಯೇ ನಿಂತು ನನ್ನ ಮುಖ ನೋಡಿದಳು. ಹುಡುಗಿಯನ್ನು ಕೆಡಿಸುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹೂಂ ಎಂದೆ.