ಎರಡು ಬೆರಳು ಬಟ್ಟೆ

ಮೊನ್ನೆ ತಂಗಿಯ ಮಗನ ಮದುವೆಗೆಂದು ಟ್ರಂಕಿನಿಂದ ಗಿಳಿಹಸಿರು ರವಿಕೆಯೊಂದನ್ನು ತೆಗೆದೆ. ತೋಳೇನೋ ಹೊಕ್ಕಿತು, ಹುಕ್ಕುಗಳು ಮಾತ್ರ ದೂರದಿಂದಲೇ ಒಂದನ್ನೊಂದು ನೋಡಿ ಸುಮ್ಮನಾದವು. ಇಷ್ಟು ವರ್ಷ ಏನು ಸಂಪಾದಿಸಿದೆ ಎಂದು ಯಾರಾದರೂ ಕೇಳಿದರೆ ಈ ರವಿಕೆಯನ್ನೇ ತೋರಿಸಬಹುದು. ಬಿಚ್ಚಿ ಅಗಲ ಮಾಡೋಣವೆಂದು ಬಗಲಿನ ಹೊಲಿಗೆಗೆ ಬ್ಲೇಡು ಹಾಕಿದೆ. ಒಳಗೆ ಎರಡು ಬೆರಳು ಬಟ್ಟೆ ಮಡಿಚಿ ಕೂತಿತ್ತು, ಬಿಸಿಲು ಕಾಣದೆ ಹೊಸದರಂತೆ. ಮೆಷಿನ್ ಎಣ್ಣೆಯ ವಾಸನೆ ಬಂತು. ಬಂದಿರಲಾರದು, ಆದರೂ ನನಗೆ ಬಂತು.

ಗುಂಡ್ಲುಪೇಟೆಯ ಆ ಕೋಣೆಯನ್ನು ನೀವು ನೋಡಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿ. ಐದು ಮೆಷಿನು, ಹೊಲಿಗೆ ಕಲಿಯುವ ಹನ್ನೊಂದು ಜನ ಹುಡುಗಿಯರು, ಕಲಿಸುವವರು ಪುಟ್ಟತಾಯಮ್ಮ ಮಿಸ್ಸು. ಮಧ್ಯಾಹ್ನ ಐದೂ ಮೆಷಿನುಗಳ ಸದ್ದು ಒಂದಾದರೆ ನನಗೆ ಕಣ್ಣು ಎಳೆಯುತ್ತಿತ್ತು. ಕಿಟಕಿಯಾಚೆ, ಬಹಳ ದೂರದಲ್ಲಿ, ಗೋಪಾಲಸ್ವಾಮಿ ಬೆಟ್ಟ ಮಂಜಿನೊಳಗೆ ಹೋಗುವುದು, ಮತ್ತೆ ಹೊರಗೆ ಬರುವುದು. ಅದನ್ನೇ ನೋಡುತ್ತ ಹೊಲಿದ ನನ್ನ ಹೊಲಿಗೆ ಬೆಟ್ಟದ ರಸ್ತೆಯ ಹಾಗೆ ತಿರುಗುತ್ತಿತ್ತು.

"ಒಳಿಕ್ಕೆ ಎಲ್ಡು ಬೆರ್ಳು ಬುಟ್ಟು ಒಲೀರಿ ಕಣ್ರಮ್ಮಿ," ಎನ್ನುತ್ತಿದ್ದರು ಮಿಸ್ಸು. "ಮೈ ಒಂದೇ ತರ ಇದ್ದದಾ? ನಾಳೆ ಬಸ್ರಾಯ್ತೀರಿ, ದಪ್ಪಾಯ್ತೀರಿ. ದಿನಾ ಒಸ್ದು ಒಲಿಸ್ಕೊಡೋರು ಯಾರು?"

ನನಗೆ ಅದು ಬೇಸರದ ಕೆಲಸ. ಪಕ್ಕದ ಮೆಷಿನಿನ ಮಾದೇವಿ ಮಾತ್ರ ಒಂದು ದಿನವೂ ಮರೆಯುತ್ತಿರಲಿಲ್ಲ. ಭೀಮನಬೀಡಿನವಳು. ಹೊಲಿಗೆಯಲ್ಲಿ ಕೆಲಸ ಸಿಗದಿದ್ದರೆ ಮತ್ತೆ ಅರಿಶಿನದ ಹೊಲಕ್ಕೆ ಕೂಲಿಗೆ ನಡಿ ಎಂದು ಅವಳಪ್ಪ ಹೇಳಿಯಾಗಿತ್ತು.

ಚಾಮರಾಜನಗರದ ಗಾರ್ಮೆಂಟ್ಸಿನಿಂದ ಕರೆ ಬಂತು. ಹೊಲಿದು ತೋರಿಸಬೇಕು, ಅದಕ್ಕೆ ಟ್ರಯಲ್ ಎಂದು ಹೆಸರು. ನನ್ನ ಬಳಿ ನೆಟ್ಟಗಿನ ರವಿಕೆ ಇಲ್ಲವೆಂದು ಮಾದೇವಿಯೇ ಈ ಹಸಿರಿನದನ್ನು ಹೊಲಿದುಕೊಟ್ಟಳು. ಹೋದವರು ನಾವಿಬ್ಬರು, ಕೆಲಸಕ್ಕೆ ಆಳು ಬೇಕಿದ್ದದ್ದು ಒಂದೇ ಮೆಷಿನಿಗೆ. ಸೂಪರ್‌ವೈಸರ್ ಕತ್ತರಿಸಿದ ತುಂಡುಗಳನ್ನು ಕೊಟ್ಟು, ಅಂಚಿನಲ್ಲಿ ಅರ್ಧ ಬೆರಳಷ್ಟೇ ಬಿಡಬೇಕೆಂದು ಹೇಳುವಾಗ ಮಾದೇವಿ ನೀರು ಕುಡಿಯಲು ಹೋಗಿದ್ದಳು. ಬಂದವಳು ಎಂದಿನಂತೆ ಎರಡು ಬೆರಳು ಒಳಗೆ ಹಿಡಿದು ಹೊಲಿಯತೊಡಗಿದಳು. ನಾನು ನೋಡಿದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದೆ. ಹೇಳಲಿಲ್ಲ.

ಅಳತೆಗಿಂತ ಚಿಕ್ಕದಾಗಿದ್ದ ಅವಳ ಅಂಗಿಗೆ ಟೇಪು ಹಿಡಿದ ಸೂಪರ್‌ವೈಸರ್, "ಇದನ್ನ ಬೊಂಬೆಗೆ ಹಾಕೋದಾ?" ಎಂದರು. ಸೊಟ್ಟ ಹೊಲಿಗೆಯ ನಾನು ಪಾಸಾದೆ. ವಾಪಸು ಬರುವ ಬಸ್ಸಿನಲ್ಲಿ ಮಾದೇವಿ ನನ್ನ ತೋಳಿನ ಸುಕ್ಕು ತೀಡುತ್ತ, "ಬುಡಮ್ಮಿ, ನಿಂಗಾರಾ ಆಯ್ತಲ್ಲ. ರವ್ಕೆ ಚೆನ್ನಾಗ್ ಒಪ್ತದೆ," ಎಂದಳು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಒಂಬತ್ತು ವರ್ಷ ಆ ಮೆಷಿನಿನ ಮುಂದೆ ಕೂತೆ. ಆ ಮೇಲೆ ಸಂಸಾರ, ಮೈ, ಮರೆವು. ಮಾದೇವಿ ಈಗ ಗುಂಡ್ಲುಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟು, ಹಳ್ಳಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ, ಕಲಿತವರಿಗೆ ಕೆಲಸ ಕೊಡುತ್ತಾಳೆ. ಐದು ಗಂಟೆಗೆ ಮೆಷಿನು ನಿಲ್ಲಲೇಬೇಕಂತೆ. ಯಾರಿಗಾದರೂ ಹೊಟ್ಟೆನೋವೆಂದರೆ ಸಂಬಳ ಹಿಡಿಯದೆ ಮನೆಗೆ ಕಳಿಸುತ್ತಾಳಂತೆ. ಇದೆಲ್ಲ ಕೇಳಿ ಗೊತ್ತಿತ್ತು, ಹೋಗುವ ಮುಖ ಇರಲಿಲ್ಲ.

ಅರ್ಧ ಬಿಚ್ಚಿದ ರವಿಕೆ ಹಿಡಿದು ನಿನ್ನೆ ಹೋದೆ. ಎಲ್ಲವನ್ನೂ ಹೇಳಿದೆ. ಮಾದೇವಿ ಕತ್ತರಿ ಕೆಳಗಿಟ್ಟಳು.

"ಎಲ್ಡು ವರ್ಸ ಅರಿಸಿನ ಕಿತ್ತೆ ಕಣಮ್ಮಿ," ಎಂದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಆಮೇಲೆ ಮೂಲೆಯಲ್ಲಿದ್ದ ಇಬ್ಬರು ಹುಡುಗಿಯರ ಕಡೆ ಕೈ ತೋರಿಸಿದಳು. "ಸೋಮ್ವಾರ ಇವು ಗಾರ್ಮೆಂಟ್ಸ್ ಟ್ರಯಲ್ಗೆ ಓಯ್ತಾವೆ. ಅಲ್ಲಿನ್ ಅಳ್ತೆ ನಂಗ್ ಸರ್ಯಾಗ್ ಗೊತ್ತಿಲ್ಲ. ಆವತ್ತು ಯೋಳ್ನಿಲ್ವಲ್ಲ, ಈಗ್ ಯೋಳು. ಇವ್ರ್ಗೆ."

ಸ್ಟೂಲು ಎಳೆದು ಕೂತೆ. ಕಿಟಕಿಯಲ್ಲಿ ಬೆಟ್ಟ ಕಾಣುತ್ತದೆಯೇ ಎಂದು ನೋಡಲಿಲ್ಲ. ಅರ್ಧ ಬೆರಳು ಅಂಚು ಹಿಡಿದು ಹೊಲಿದು ತೋರಿಸಿದೆ.

"ಮಾದೇವಕ್ಕ ಎಲ್ಡು ಬೆರ್ಳು ಬುಡಿ ಅಂತದಲ್ಲಕ್ಕ?" ಎಂದಳು ಒಬ್ಬಳು.

"ಅಲ್ಲಿ ಅರ್ಧ. ನಿಮ್ಮೋರ್ಗೆ ಒಲಿಯುವಾಗ ಎಲ್ಡು," ಎಂದೆ.

ತಲೆಯೆತ್ತಿದಾಗ ಇನ್ನೊಬ್ಬಳು ಇರಲಿಲ್ಲ, ನೀರು ಕುಡಿಯಲು ಹೋಗಿದ್ದಳು. ಅವಳು ಬರುವವರೆಗೆ ಕಾದೆ. ಬಂದು ಕೂತ ಮೇಲೆ ಮತ್ತೆ ಮೊದಲಿನಿಂದ ಹೇಳಿದೆ.