ಸೀಮೆಎಣ್ಣೆ ಡಬ್ಬದ ಮೇಲೆ ಮೂವತ್ತು ಹಾಡು

ತಾಳವೆಂಬುದು ಸೃಷ್ಟಿಯ ಬುಡದಲ್ಲೇ ಇದೆ, ಸೂರ್ಯಚಂದ್ರರು ಅದನ್ನು ತಪ್ಪುವುದಿಲ್ಲ, ನಮ್ಮ ಎದೆಗೂಡಿನೊಳಗೂ ಅದೇ ಮಿಡಿಯುತ್ತಿದೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ನನಗೆ ಅದು ಸಿಕ್ಕಿದ್ದು ಹೊನ್ನವಳ್ಳಿ ಹತ್ತಿರದ ಒಂದು ತೋಟದ ಮನೆಯಲ್ಲಿ, ಬೋರಲು ಹಾಕಿದ ಸೀಮೆಎಣ್ಣೆ ಡಬ್ಬದ ಮೇಲೆ.

ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿನಲ್ಲಿ ನಮ್ಮದೊಂದು ಕೊಬ್ಬರಿ ಮಂಡಿ ಇತ್ತು. ಹಗಲು ನಾನು ಅಲ್ಲಿ ಉಂಡೆ ಕೊಬ್ಬರಿಯನ್ನು ದಪ್ಪ, ಸಣ್ಣ, ಒಡಕು ಎಂದು ಬೇರೆ ಬೇರೆ ರಾಶಿ ಹಾಕಿಸಿ, ತೂಗಿಸಿ, ಚೀಲ ಹೊಲಿಸುತ್ತಿದ್ದೆ. ಸಂಜೆ ಭಜನೆ ಮನೆಯಲ್ಲಿ ಡೋಲಕ್ಕು ಬಾರಿಸುತ್ತಿದ್ದೆ. ಮೊದಲನೆಯದು ಹೊಟ್ಟೆಗೆ, ಎರಡನೆಯದು ಆತ್ಮಕ್ಕೆ ಎಂದು ನಮ್ಮ ತಂದೆ ಸಮಾಧಾನದಿಂದಿದ್ದರು. ಆದರೆ ನನ್ನ ಆತ್ಮ ಬೇರೆ ಕಡೆ ನೋಡುತ್ತಿತ್ತು. ಊರಿನ ಆರ್ಕೆಸ್ಟ್ರಾದಲ್ಲಿ ಒಂದು ಡ್ರಮ್ ಸೆಟ್ಟು ಇತ್ತು. ಕಾಲಿನಿಂದ ಒದೆಯುವ ದೊಡ್ಡ ಡ್ರಮ್ಮು, ಕೋಲಿನಿಂದ ಬಾರಿಸುವ ಚಿಕ್ಕವು ಮೂರು, ಮೇಲೊಂದು ಹಿತ್ತಾಳೆ ತಟ್ಟೆ. ದೇವರು ಕೊಟ್ಟ ಎರಡು ಕೈ, ಎರಡು ಕಾಲುಗಳನ್ನು ಒಂದೇ ಸಲಕ್ಕೆ ದುಡಿಸಿಕೊಳ್ಳುವ ವಿದ್ಯೆ ಭೂಮಿಯ ಮೇಲೆ ಇದೊಂದೇ ಎಂಬುದು ನನ್ನ ದೃಢ ಅಭಿಪ್ರಾಯವಾಗಿತ್ತು. ನಮ್ಮ ಕಡೆ ತೆಂಗಿನ ಮರ ಹತ್ತುವವರು ಇದನ್ನು ಒಪ್ಪುತ್ತಿರಲಿಲ್ಲ.

ಆರ್ಕೆಸ್ಟ್ರಾದ ಯಜಮಾನರು ವೃತ್ತಿಯಿಂದ ದರ್ಜಿ. ವಾರವೆಲ್ಲ ಹೊಲಿಗೆ ಯಂತ್ರ ತುಳಿಯುತ್ತಿದ್ದರು, ಕಾರ್ಯಕ್ರಮದ ದಿನ ಅಕಾರ್ಡಿಯನ್ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅವರ ಡ್ರಮ್ಮರ್‌ಗೆ ಇದ್ದಕ್ಕಿದ್ದಂತೆ ಮೈಸೂರಿಗೆ ವರ್ಗವಾಯಿತು. ಮುಂದಿನ ಭಾನುವಾರವೇ ತುರುವೇಕೆರೆಯ ಛತ್ರದಲ್ಲಿ ಒಂದು ಆರತಕ್ಷತೆ. ಸುದ್ದಿ ಕಿವಿಗೆ ಬಿದ್ದದ್ದೇ ನಾನು ಅವರ ಅಂಗಡಿಯಲ್ಲಿ ನಿಂತಿದ್ದೆ.

"ಭಜನೇಲಿ ಬಡಿದಂಗಲ್ಲ ಕಣ್ಲಾ ಇದು" ಎಂದರು, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ. "ಭಜನೇಲಿ ತಪ್ಪಿದ್ರೆ ದೇವರು ಸುಮ್ಕಿರ್ತಾನೆ. ಬೀಗರು ಸುಮ್ಕಿರಲ್ಲ."

"ಒಂದ್ಸಲ ನೋಡಿ ಅಣ್ಣ."

"ಮೂವತ್ತು ಹಾಡವೆ. ಪ್ಲೇಟು ಕೊಡ್ತೀನಿ, ಕಲ್ಕೊಂಡ್ ಬಾ. ಚೆನ್ನಾಗಾದ್ರೆ ಜಾಗ ನಿಂದೇ, ಡ್ರಮ್ ಸೆಟ್ಟು ನಿಮ್ಮನೇಲಿ ಇಟ್ಕೊ. ಅಲ್ಲೀಗಂಟ ನನ್ನಂಗಡೀಲೇ ಇರ್ತದೆ. ಯಾವದಕ್ಕೂ ತುಮಕೂರಿಂದ ಒಬ್ಬರಿಗೆ ಬರಕ್ಕೆ ಹೇಳಿದೀನಿ. ನೀನು ಕೈ ಕೊಟ್ರೆ ಅವರು ಕೂತ್ಕೋತಾರೆ."

ಹೀಗೆ, ರವಿಕೆ ಬಟ್ಟೆಯ ತುಂಡುಗಳಲ್ಲಿ ಸುತ್ತಿದ ಗ್ರಾಮಫೋನ್ ಪ್ಲೇಟುಗಳ ಕಟ್ಟನ್ನು ಎದೆಗವಚಿಕೊಂಡು ನಾನು ಹೊನ್ನವಳ್ಳಿ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರಮಾವನ ತೆಂಗಿನ ತೋಟ. ತೋಟದ ಮನೆಯಲ್ಲಿ ಕರೆಂಟಿನ ರೆಕಾರ್ಡ್ ಪ್ಲೇಯರ್ ಇತ್ತು. ಅದಕ್ಕಿಂತ ಮುಖ್ಯವಾಗಿ, ಕೂಗಳತೆಯಲ್ಲಿ ನೆರೆಮನೆ ಇರಲಿಲ್ಲ. ಮಂಡಿಯಿಂದ ನನಗೆ ಒಂದು ವಾರದ ರಜೆ ಹೇಗೆ ಸಿಕ್ಕಿತೆಂದರೆ, ಮಾವನ ಅಟ್ಟದಲ್ಲಿ ಕೊಬ್ಬರಿಯಾಗಲು ಹಾಕಿದ ಕಾಯಿ ಹದಕ್ಕೆ ಬಂದಿದೆಯೇ ನೋಡಿಕೊಂಡು ಬರುತ್ತೇನೆ ಎಂದು ತಂದೆಗೆ ಹೇಳಿದ್ದೆ. ಅದನ್ನೂ ನೋಡಿದೆನೆನ್ನಿ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನಬೇಕು. ಎಂದಿತು. ತನಿಖೆ ಮುಗಿಯಿತು.

ಹಜಾರದ ಮೂಲೆಯಲ್ಲಿ ನನ್ನ ವಾದ್ಯವೃಂದ ಸಿದ್ಧವಾಯಿತು. ಚಿಕ್ಕ ಡ್ರಮ್ಮಿಗೆ ಸೀಮೆಎಣ್ಣೆ ಡಬ್ಬ, ಹಿತ್ತಾಳೆ ತಟ್ಟೆಗೆ ಸೂರಿಗೆ ನೇತುಹಾಕಿದ ಅನ್ನದ ಪಾತ್ರೆಯ ಮುಚ್ಚಳ, ಕಾಲಿನಲ್ಲಿ ಒದೆಯಲು ತೆಂಗಿನ ಮಟ್ಟೆ ತುಂಬಿದ ಚೀಲ. ಮಾವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಗಂಭೀರವಾಗಿ ಪರಿಶೀಲಿಸಿದರು.

"ಡಬ್ಬ ತೂತಾದ್ರೆ ಹೊಸದು ತಂದ್ಕೊಡ್ಬೇಕು ಕಣ್ಲಾ ಅಳಿಯ. ಎಮ್ಮೆ ಹಾಲಿಳಿಸ್ದೆ ಹೋದ್ರೆ ಅದನ್ನೂ ನೀನೇ ಕೇಳ್ಕೋ."

ಅತ್ತೆಯ ಚಿಂತೆ ಬೇರೆ. ಮದುವೆ ಅವರ ತವರಿನ ಕಡೆಯದು. "ನಮ್ಮವರ ಮುಂದೆ ಕೂತ್ಕೊಂಡು ಬಾರಿಸ್ತೀಯ. ಮಾನ ಕಳೀಬೇಡ ಕಣಪ್ಪ" ಎಂದು ಹೇಳಿ ಒಳಗೆ ಹೋದರು.

ಪ್ಲೇಟು ತಿರುಗಿತು. ಈ ಹಾಡುಗಳನ್ನೆಲ್ಲ ನಾನು ಹೋಟೆಲಿನ ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೆ. ಆದರೆ ಡ್ರಮ್ಮಿಗಾಗಿ ಕೇಳುವುದೆಂದರೆ ಬೇರೆಯೇ ಎಂದು ತಿಳಿದದ್ದು ಆಗ. ಮೊದಲು ಮಾತನ್ನು ಕಿತ್ತು ಹಾಕಬೇಕು. ಆಮೇಲೆ ರಾಗವನ್ನು. ಎರಡೂ ಹೋದಮೇಲೆ, ಪಕ್ಕದ ಕೋಣೆಯಲ್ಲಿ ಯಾರೋ ಕೆಲಸ ಮಾಡುತ್ತಿರುವ ಸದ್ದಿನಂತೆ, ಹಿಂದೆ ಒಂದು ಸದ್ದು ಉಳಿಯುತ್ತದೆ. ನಾಯಕ ಮರ ಸುತ್ತಲಿ, ನಾಯಕಿ ಕಣ್ಣೀರು ಹಾಕಲಿ, ಆ ಮನುಷ್ಯ ಮಾತ್ರ ತನ್ನ ಪಾಡಿಗೆ ಕುಟ್ಟುತ್ತಾ ಇರುತ್ತಾನೆ. ಇಷ್ಟು ದಿನ ನನ್ನ ಕಿವಿಯಲ್ಲೇ ಇದ್ದ ಆತನನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು.

ಬರೆದಿಟ್ಟುಕೊಳ್ಳೋಣವೆಂದು ಕೂತೆ. ಒಂದು ಪುಟದ ತುಂಬ 'ಡುಂ' ಎಂದೇ ಬರೆದಿರುವುದನ್ನು ಕಂಡು ಕೈಬಿಟ್ಟೆ. ಕೊನೆಗೆ ನನಗೆ ಬರುವ ಒಂದೇ ವಿದ್ಯೆಯನ್ನು ಹಾಡಿನ ಮೇಲೂ ಪ್ರಯೋಗಿಸಿದೆ. ರಾಶಿ ಹಾಕಿದೆ. ಕೇಳುತ್ತಾ ಹೋದರೆ ಮೂವತ್ತು ಹಾಡಿಗೆ ಮೂವತ್ತು ನಡೆ ಇರಲಿಲ್ಲ, ನಾಲ್ಕೈದೇ ಇದ್ದವು. ಗಾಡಿ ಎತ್ತಿನ ನಡೆ ಒಂದು, ಒನಕೆಯ ಕುಟ್ಟು ಒಂದು, ಅರಸೀಕೆರೆ ಕಡೆ ಹೋಗುವ ರೈಲಿನದು ಒಂದು. ಇನ್ನೊಂದು ನಮ್ಮ ಮಂಡಿಯಲ್ಲಿ ಕತ್ತಿಯ ಬೆನ್ನಿನಿಂದ ಚಿಪ್ಪು ಬಿಡಿಸುವವರದು: ಟಕ, ಟಕ, ತಿರುವು, ಟಕ. ಹಾಡು ಯಾವ ರಾಶಿಯದೆಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದದ್ದು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದಷ್ಟೇ.

ಒಂದು ಸಲ ಕೂತರೆ ಮೂರೋ ನಾಲ್ಕೋ ಹಾಡು ಕಲಿಯುತ್ತಿದ್ದೆ. ಕೈಗೆ ಬಂದ ಹಾಡನ್ನು ಮತ್ತೆ ಮುಟ್ಟುತ್ತಿರಲಿಲ್ಲ. ತೂಗಿ ಬಾಯಿ ಹೊಲಿದ ಚೀಲವನ್ನು ಮತ್ತೆ ಬಿಚ್ಚಿ ನೋಡುವ ಪದ್ಧತಿ ನಮ್ಮ ಮಂಡಿಯಲ್ಲಿರಲಿಲ್ಲ. ಹಾಡಿಗೂ ಅದೇ ಕಾನೂನು ಎಂದುಕೊಂಡೆ. ನಡುವೆ ಒಂದೆರಡು ಸಂಗತಿ ವಿಚಿತ್ರವೆನಿಸಿದ್ದು ನಿಜ. ಒಂದು ಪ್ಲೇಟಿನಲ್ಲಿ ಗಾಯಕಿಯ ದನಿ ಸ್ವಲ್ಪ ಗಂಡಸಿನ ದನಿಯಂತೆ ಕೇಳಿಸಿತು. ಪಾಪ, ರೆಕಾರ್ಡಿಂಗ್ ದಿನ ನೆಗಡಿಯಾಗಿತ್ತೇನೋ ಎಂದು ಮರುಕಪಟ್ಟೆ. ಇನ್ನೊಂದು ಪ್ಲೇಟಿನ ಗಾಯಕರಿಗೂ ನೆಗಡಿ. ಆ ವರ್ಷ ಮದರಾಸಿನಲ್ಲಿ ಹವೆ ಸರಿಯಿರಲಿಲ್ಲವೆಂದು ತೀರ್ಮಾನಿಸಿ ಮುಂದಕ್ಕೆ ಹೋದೆ.

ಭಾನುವಾರ ಮಧ್ಯಾಹ್ನ ತುರುವೇಕೆರೆಯ ಛತ್ರದ ಹಿತ್ತಲಿನಲ್ಲಿ ಅಭ್ಯಾಸ. ತುಮಕೂರಿನವರು ಆಗಲೇ ಬಂದಿದ್ದರು. ಕಿವಿ ಮುಚ್ಚುವಷ್ಟು ಕೂದಲು, ಜೇಬಿನಲ್ಲಿ ಸ್ವಂತ ಡ್ರಮ್ ಕೋಲು. ಕಬ್ಬಿಣದ ಕುರ್ಚಿಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ನಿಜವಾದ ಡ್ರಮ್ ಸೆಟ್ಟಿನ ಹಿಂದೆ ಕೂತಾಗ ನನಗೆ ಮಟ್ಟೆ ಚೀಲದ ನೆನಪಾಗಿ ಕಾಲು ಸ್ವಲ್ಪ ಜೋರಾಗಿಯೇ ಒದೆಯಿತು. ಆದರೂ ಮೊದಲ ಹಾಡು ಚೆನ್ನಾಗಿ ಹೋಯಿತು. ದರ್ಜಿಯಣ್ಣ ತಲೆಯಾಡಿಸಿದರು.

ಎರಡನೆಯ ಹಾಡಿನಲ್ಲಿ ಅಕಾರ್ಡಿಯನ್ ಒಂದು ಬೀದಿ ಮುಂದೆ, ನಾನು ಒಂದು ಬೀದಿ ಹಿಂದೆ. ಗಾಯಕ ನಡುವೆ ನಿಂತು ಇಬ್ಬರನ್ನೂ ನೋಡಿದ.

"ಯಾರ ಹೆಣದ ಮುಂದೆ ಬಾರಿಸ್ತಿದೀಯ ಲಾ?" ಎಂದರು ದರ್ಜಿಯಣ್ಣ.

ಮೂರನೆಯದು ಸರಿಹೋಯಿತು. ನಾಲ್ಕು, ಐದು ಕುಂಟಿದವು. ಆರನೆಯದು ಸರಾಗವಾಗಿ ಓಡಿತು. ತುಮಕೂರಿನವರು ಬಾಳೆಹಣ್ಣಿನ ಸಿಪ್ಪೆ ಎಸೆದು, ಕೋಲುಗಳನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಕೈ ಚೆನ್ನಾಗೈತೆ ಕಣ್ರೀ" ಎಂದು ಯಜಮಾನರಿಗೆ ಹೇಳಿದರು. "ಅರ್ಧ ಹಾಡಿಗೆ ಊಟ ಹಾಕವ್ರೆ, ಅರ್ಧಕ್ಕೆ ಹಾಕಿಲ್ಲ. ಅದೊಂದೇ."

ಅಕಾರ್ಡಿಯನ್ನಿನ ಹಿಂದೆ ಹೋದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕಲಿತ ಕೈ ಹಾದಿ ಕಂಡ ಎತ್ತಿನ ಹಾಗೆ, ತನಗೆ ಗೊತ್ತಿರುವ ಮನೆಗೇ ಹೋಗುತ್ತದೆ. ತಿರುಗಿಸಬೇಕೆಂದರೆ ಹೊರಡುವ ಮೊದಲೇ ತಿರುಗಿಸಬೇಕು. ಅದಕ್ಕೆ ಯಾವ ಹಾಡು ನಿಧಾನ ಎಂದು ಮೊದಲೇ ಗೊತ್ತಿರಬೇಕು. ನನಗೋ, ಎಲ್ಲವೂ ಸರಿಯಾಗಿಯೇ ಇದ್ದಂತೆ ತೋರುತ್ತಿತ್ತು. ಹೆದರಿಕೆಗಿಂತ ಹೆಚ್ಚಾಗಿ ನನಗೆ ಕುತೂಹಲ ಹತ್ತಿತು. ಕೆಟ್ಟ ಹಾಡುಗಳನ್ನೆಲ್ಲ ಮನಸ್ಸಿನಲ್ಲೇ ಒಂದು ರಾಶಿ ಹಾಕಿ ನೋಡಿದೆ. ಒಬ್ಬನೇ ಗಾಯಕನವಲ್ಲ. ಒಂದೇ ನಡೆಯವಲ್ಲ. ಎತ್ತಿನದೂ ಇತ್ತು, ರೈಲಿನದೂ ಇತ್ತು. ರೈಲು ಸಹ ಎತ್ತಿನಂತೆ ಹೋಗುತ್ತಿತ್ತು.

ಅಷ್ಟರಲ್ಲಿ ಮಾವ, ಅತ್ತೆ ಬಂದರು. ಅತ್ತೆ ರೇಷ್ಮೆ ಸೀರೆಯಲ್ಲಿ ಹಿತ್ತಲ ಬಾಗಿಲಿಗೆ ಬಂದು ಇಣುಕಿದಾಗ ನಾವು ಎರಡನೆಯ ಹಾಡಿನ ಮೇಲೆ ಜಗಳವಾಡುತ್ತಿದ್ದೆವು. ನಾನು ಕಲಿತ ಹಾಗೆಯೇ ಬಾರಿಸಿ ತೋರಿಸಿದೆ.

"ಸರಿಯಾಗೇ ಐತಲ್ಲಪ್ಪ" ಎಂದರು ಅತ್ತೆ. "ನಾನು ಬಟ್ಟೆ ಒಗೆಯೋವಾಗ ಹಿಂಗೇ ಇತ್ತು."

"ಮತ್ತೆ ಇದು?" ಎಂದು ಮೂರನೆಯದನ್ನು ಬಾರಿಸಿದೆ.

"ಅದು ಮುದ್ದೆ ತಿರುವೋವಾಗ. ಅದು ಚುರುಕಾಗಿತ್ತು."

ನಾಲ್ಕು? ಬಟ್ಟೆ. ಐದು? ಬಟ್ಟೆ. ಆರು? ಮುದ್ದೆ. ದರ್ಜಿಯಣ್ಣ ಅಕಾರ್ಡಿಯನ್ ಕೆಳಗಿಟ್ಟರು.

ಅತ್ತೆ ಬಟ್ಟೆ ಒಗೆಯುತ್ತಿದ್ದದ್ದು ತೋಟದ ತೊಟ್ಟಿಯಲ್ಲಿ. ತೊಟ್ಟಿಗೆ ನೀರು ಬೀಳುತ್ತಿದ್ದದ್ದು ಮಾವ ಪಂಪಿನ ಮೋಟರು ಹಾಕಿದಾಗ. ಮಾವ ಮೋಟರು ಹಾಕಿದರೆಂದರೆ ಸುತ್ತಿನ ತೋಟದವರೂ ಹಾಕಿದ್ದಾರೆಂದೇ ಅರ್ಥ. ಆಗ ಮನೆಯ ಬಲ್ಬು ಕುಂಬಳದ ಹೂವಿನ ಬಣ್ಣಕ್ಕೆ ಇಳಿಯುತ್ತಿತ್ತು. ಬಲ್ಬು ಇಳಿದದ್ದನ್ನು ನಾನೂ ನೋಡಿದ್ದೆ. ಪ್ಲೇಟು ತಿರುಗಿಸುವುದೂ ಅದೇ ಕರೆಂಟು ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಮುದ್ದೆ ತಿರುವುವ ಹೊತ್ತಿಗೆ ಮೋಟರು ನಿಂತಿರುತ್ತಿತ್ತು, ಪ್ಲೇಟು ಸರಿಯಾಗಿ ತಿರುಗುತ್ತಿತ್ತು. ಮದರಾಸಿನಲ್ಲಿ ಯಾರಿಗೂ ನೆಗಡಿಯಾಗಿರಲಿಲ್ಲ.

"ಮೋಟರು ಹಾಕಿದ್ರೆ ಪ್ಲೇಟು ತೂಕಡಿಸ್ತದೆ" ಎಂದರು ಮಾವ, ಎಲೆಗೆ ಸುಣ್ಣ ಸವರುತ್ತಾ. "ಅದಕ್ಕೇ ನೀರು ಕಟ್ಟೋವಾಗ ನಾನು ಹಾಡು ಹಾಕಲ್ಲ."

"ಹೇಳ್ಬಾರ್ದಿತ್ತಾ ಮಾವ?"

"ನೀನು ಕೇಳಿದ್ಯಾ? ಡಬ್ಬ ಬಡೀತಿದ್ದೆ. ಡಬ್ಬಕ್ಕೆ ಕರೆಂಟ್ಯಾಕೆ ಅಂತ ಸುಮ್ನಾದೆ."

ಮೂವತ್ತು ಹಾಡನ್ನೂ ಅಲ್ಲೇ ವಿಂಗಡಿಸಿಬಿಡೋಣವೆಂದರೆ ಒಳಗಿನಿಂದ ಅತ್ತೆಗೆ ಕರೆಯ ಮೇಲೆ ಕರೆ. ಅಲ್ಲದೆ, "ಹಿಂಗೆ ನಿಲ್ಲಿಸಿ ಕೇಳಿದ್ರೆ ಜ್ಞಾಪಕ ಬರಲ್ಲ ಕಣಪ್ಪ. ಹಾಡು ಕಿವಿಗೆ ಬಿದ್ರೆ ಕೈಗೇ ಬತ್ತದೆ" ಎಂದರು. ಕಡೆಗೆ ಒಂದು ಒಪ್ಪಂದವಾಯಿತು. ಅತ್ತೆ ಮುಂದಿನ ಸಾಲಿನಲ್ಲಿ ಕೂರುವುದು. ಗಾಯಕ ಮೈಕಿನಲ್ಲಿ ಹಾಡಿನ ಮೊದಲ ಸಾಲು ಹೇಳಿದ ಕೂಡಲೇ ಅವರು ಕೈಯಲ್ಲಿ ತೋರಿಸುವುದು. ಬಟ್ಟೆ ಉಜ್ಜಿದರೆ ನಾನು ಕಲಿತದ್ದಕ್ಕಿಂತ ಚುರುಕಾಗಿ ಹೊಡೆಯಬೇಕು. ಮುದ್ದೆ ತಿರುವಿದರೆ ಕಲಿತ ಹಾಗೆಯೇ.

ದರ್ಜಿಯಣ್ಣ ತುಮಕೂರಿನವರನ್ನು ವೇದಿಕೆಯ ಪಕ್ಕಕ್ಕೆ, ಎದ್ದರೆ ಎರಡು ಹೆಜ್ಜೆಗೆ ಡ್ರಮ್ಮು ಸಿಗುವಂತೆ ಕೂರಿಸಿದರು. ನನಗೆ ಕಾಣಲಿ ಎಂದೇ ಅಲ್ಲಿ ಕೂರಿಸಿದ್ದರು.

ದೀಪ ಹೊತ್ತಿಕೊಂಡಿತು, ಹೆಣ್ಣುಗಂಡು ಕುರ್ಚಿಗಳಲ್ಲಿ ಕೂತರು, ನಾವು ಶುರುಮಾಡಿದೆವು. ಅತ್ತೆ ಸಭೆಯ ನಡುವೆ ಗಾಳಿಯಲ್ಲಿ ಬಟ್ಟೆ ಉಜ್ಜಿದರು. ನಾನು ಚುರುಕಾಗಿ ಹೊಡೆದೆ. ಅತ್ತೆ ಎರಡು ಕೈಯಲ್ಲೂ ಇಲ್ಲದ ಕೋಲು ಹಿಡಿದು ಮುದ್ದೆ ತಿರುವಿದರು. ನಾನು ಕೈಯನ್ನು ಅದರ ಪಾಡಿಗೆ ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಬೀಗಿತ್ತಿ ಸ್ವಲ್ಪ ಹೊತ್ತು ನೋಡಿ, ತಮ್ಮ ಕುರ್ಚಿಯನ್ನು ಅತ್ತ ಸರಿಸಿಕೊಂಡರು. ಹಾಡಿನ ಮೇಲೆ ಹಾಡು ದಾಟಿದವು. ಒಂದು ಹಾಡಿಗೆ ಅತ್ತೆ ಮೊದಲು ತಿರುವಿ, ಯೋಚಿಸಿ, ಆಮೇಲೆ ಉಜ್ಜಿದರು. ಆ ಹಾಡು ಪಲ್ಲವಿಯಲ್ಲಿ ಒಂದು ಥರ, ಚರಣದಲ್ಲಿ ಒಂದು ಥರ ಹೋಯಿತು. ಯಾರೂ ಕೇಳಲಿಲ್ಲ. ತುಮಕೂರಿನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕೋಲು ಇನ್ನೂ ಕೈಯಲ್ಲೇ ಇತ್ತು.

ಕೊನೆಗೆ ಎರಡೋ ಮೂರೋ ಉಳಿದಿದ್ದಾಗ ಗಾಯಕ ಒಂದು ಶೋಕದ ಹಾಡನ್ನು ಹೇಳಿದ. ಆರತಕ್ಷತೆಯಲ್ಲಿ ಶೋಕಗೀತೆ ಏಕೆ ಎಂದು ನಾನು ಕೇಳಿದವನಲ್ಲ. ಗಂಡಿನ ತಂದೆಗೆ ಅದು ಬಹಳ ಇಷ್ಟವಂತೆ. ಅತ್ತೆಯ ಕಡೆ ನೋಡಿದೆ. ಅಲ್ಲಿಯವರೆಗೆ ಎಂದೂ ಕಾಣದ ರಭಸದಿಂದ ಉಜ್ಜುತ್ತಿದ್ದರು. ಇದು ತೀರ ನಿಧಾನವಾಗಿ ಕಲಿತ ಹಾಡಿರಬೇಕೆಂದು ಲೆಕ್ಕ ಹಾಕಿ, ಅದೇ ರಭಸದಿಂದ ಶುರುಮಾಡಿದೆ.

ಆ ಹಾಡಿಗೆ ಡ್ರಮ್ಮೇ ಮೊದಲು. ಆದ್ದರಿಂದ ಉಳಿದವರು ಹಿಂದೆ ಬರದೆ ವಿಧಿಯಿರಲಿಲ್ಲ. ಗಾಯಕ ಎರಡು ಸಲ ತಿರುಗಿ ನೋಡಿದ, ಆಮೇಲೆ ಒಂದೇ ಉಸಿರಿನಲ್ಲಿ ಹಾಡಿದ. ಅಗಲಿದ ಪ್ರಿಯೆಯನ್ನು ನೆನೆಯುವ ಮಾತುಗಳು ಬಸ್ಸು ತಪ್ಪಿಹೋಗುತ್ತದೆ ಎನ್ನುವವರಂತೆ ಓಡಿದವು. ದರ್ಜಿಯಣ್ಣನ ಅಕಾರ್ಡಿಯನ್ ಏದುಸಿರು ಬಿಟ್ಟಿತು. ಗಂಡಿನ ಗೆಳೆಯರು ಚಪ್ಪಾಳೆ ತಟ್ಟಿದರು, ಒಬ್ಬನು ಎದ್ದು ಕುಣಿದ. ನಾನು ಮತ್ತೆ ಅತ್ತೆಯನ್ನು ನೋಡಿದೆ. ಅವರ ಮಡಿಲಿನಲ್ಲಿ ಯಾವುದೋ ಮಗು ಇತ್ತು, ಮಗುವಿನ ಕೈಯಲ್ಲಿ ಬರಿದಾದ ಪಾಯಸದ ಲೋಟ ಇತ್ತು. ಅತ್ತೆ ರೇಷ್ಮೆ ಸೀರೆಯ ಅಂಚನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ದರ್ಜಿಯಣ್ಣ ಅಕಾರ್ಡಿಯನ್ನಿನ ಪಟ್ಟಿ ಬಿಚ್ಚಿ, ಅದನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು.

"ಆ ಅಳೋ ಹಾಡು..." ಎಂದರು ಕೊನೆಗೆ.

"ಪಾಯಸ ಚೆಲ್ಲಿತ್ತು ಅಣ್ಣ."

ಅವರು ತುಮಕೂರಿನವರ ಕಡೆ ನೋಡಿದರು. ತುಮಕೂರಿನವರು ಎದ್ದು ಕೋಲುಗಳನ್ನು ಜೇಬಿಗೆ ಸೇರಿಸಿದರು. "ಎಲ್ಲಾ ಊಟ ಮಾಡವೆ ಕಣ್ರೀ" ಎಂದರು. "ಅದೊಂದು ಮಾತ್ರ ಜಾಸ್ತಿ ಬಡಿಸ್ಕೊಂಡೈತೆ."

ಗಂಡಿನ ತಂದೆ ಬಂದು, ಆ ಹಾಡನ್ನು ಇಷ್ಟು ಬೇಗ ಮುಗಿಸಿದಿರಲ್ಲ ಎಂದು ಬೇಜಾರು ಮಾಡಿಕೊಂಡರು. ಗಂಡಿನ ಗೆಳೆಯರು ಬಂದು ಇನ್ನೊಂದು ಸಲ ಬಾರಿಸಿ ಎಂದರು. ದರ್ಜಿಯಣ್ಣ ಇಬ್ಬರಿಗೂ ಕೈಮುಗಿದರು.

ತುಮಕೂರಿನವರು ಊಟ ಮಾಡಿಕೊಂಡು ತಮ್ಮ ಬಸ್ಸು ಹತ್ತಿದರು. ಡ್ರಮ್ ಸೆಟ್ಟು ಮರುದಿನ ನಮ್ಮ ಮನೆಗೆ ಬಂತು.