ಕಡಲಿನ ಏರಿಕೆ ಸಾರಿದ ಆಟೊ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಓಣಿಯಲ್ಲಿ ಸರೋಜಾಳ ನಾಲಿಗೆಗೆ ಹೆದರದವರಿರಲಿಲ್ಲ, ಅವಳ ಗಂಡನ ಆಟೊ ಒಂದನ್ನು ಬಿಟ್ಟು. ಮರಿಬಸಪ್ಪನ ಆ ಹಳೇ ಡೀಸೆಲ್ ಗಾಡಿ ಬೆಳಗಾದರೆ ಬಾಗಿಲ ಮುಂದೆ ನಿಂತು ಕಪ್ಪು ಹೊಗೆ ಕಾರುತ್ತಿತ್ತು. ಒಮ್ಮೆ ಆರಿಸಿದರೆ ಮತ್ತೆ ಹತ್ತುವುದು ಕಷ್ಟವೆಂದು ಅವನು ಇಂಜಿನ್ ಆರಿಸುತ್ತಲೇ ಇರಲಿಲ್ಲ. ಒಳಗೆ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಸರೋಜಾಗೆ ದಮ್ಮಿನ ಕಾಯಿಲೆ ಹೆಚ್ಚಿತ್ತು. ಮಲಗಿದರೆ ಉಸಿರು ಸಿಗದೆ ನೀಲಿ ಬಟ್ಟೆಯ ರಾಶಿಗೆ ಒರಗಿಯೇ ನಿದ್ದೆ ಮಾಡುತ್ತಿದ್ದಳು.

ಗಂಡ ಊರೂರಿಗೆ ಮೈಕು ಹಿಡಿದು ಸಾರುವವನು. ಸೀರೆಯ ರಿಯಾಯಿತಿ, ನೀರು ಬಾರದ ದಿನ, ಸರ್ಕಸ್ಸಿನ ಆನೆ, ಎಲ್ಲವನ್ನೂ ಒಂದೇ ಭಕ್ತಿಯಿಂದ ಸಾರುತ್ತಿದ್ದ. ಸರೋಜಾ ಹೇಳುವಂತೆ, ಅವನ ಗಂಟಲಿಗೂ ತಲೆಗೂ ನಡುವೆ ರಸ್ತೆಯೇ ಇರಲಿಲ್ಲ.

ಈ ಸಲ ಅವನನ್ನು ಗೊತ್ತು ಮಾಡಿದ್ದು ಪರಿಸರ ಸಂಘವೊಂದರ ಸೌಂದರ್ಯ ಮೇಡಂ. ಹೊಗೆಯಿಂದ ಭೂಮಿ ಬಿಸಿಯಾಗುತ್ತದೆ, ಮಂಜುಗಡ್ಡೆ ಕರಗಿ ಸಮುದ್ರ ಏರುತ್ತದೆ. ಸಿರುಗುಪ್ಪದವರೆಗೂ ಇದನ್ನು ಸಾರಬೇಕು ಎಂದರು. ಸರೋಜಾ ಅದನ್ನು ನಂಬಿದಳು. ಎಲ್ಲೋ ಇರುವ ಮಂಜುಗಡ್ಡೆಯೇ ತಾಳದ ಹೊಗೆ ತನ್ನ ಎದೆಯನ್ನು ಬಿಟ್ಟೀತೆ? ಅವಳಿಗೆ ಹೇಸಿಗೆಯಾದದ್ದು, ಆ ಮಾತು ಹೇಳಲು ಬಳ್ಳಾರಿಗೇ ಹೆಚ್ಚು ಹೊಗೆ ಉಗುಳುವ ಗಾಡಿಯನ್ನು ಹುಡುಕಿ ತಂದ ಬುದ್ಧಿಯನ್ನು ಕಂಡು.

“ಸಮುದ್ರ ಉಳ್ಸಾಕ ಹೊಂಟಾರ ದೊರಿ. ಹೆಂಡ್ತಿ ಕೆಮ್ಮಿ ಸತ್ರ ಅದನ್ನೂ ಮೈಕಿನ್ಯಾಗ ಹೇಳ್ರಿ.”

“ಸುಮ್ನಿರಲೇ, ಇದು ದೊಡ್ಡ ವಿಷ್ಯ. ನಿನಗ ತಿಳಿಯಂಗಿಲ್ಲ.”

ಕೆಲವು ದಿನ ಸಿರುಗುಪ್ಪದಾಚೆಯ ರಾರಾವಿಯ ತವರಿನಲ್ಲಿ ಉಸಿರಾಡಿ ಬರೋಣವೆಂದಿದ್ದ ಸರೋಜಾ, ಸಿರುಗುಪ್ಪದವರೆಗೆ ಹೇಗೂ ಹೋಗುತ್ತದಲ್ಲ ಎಂದು ಅದೇ ಆಟೊದ ಹಿಂದಿನ ಸೀಟಿನಲ್ಲಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಳು.

ಕುರುಗೋಡಿನಲ್ಲಿ ಮರಿಬಸಪ್ಪ ಗಾಡಿ ನಿಲ್ಲಿಸಿ ಕೂಗಿದ: “ಕಡಲಿನ ಏರಿಕೆ ತಡೆಯೋಣ!” ಸಮುದ್ರ ಎಂದರೆ ಮಾತು ಹಗುರವಾದೀತೆಂದು ಮೇಡಂ ಕಡಲು ಎಂದೇ ಹೇಳಿಕೊಟ್ಟಿದ್ದರು. ಆ ಸೀಮೆಯಲ್ಲಿ ಕಡಲು ಅನ್ನುವವರಿಲ್ಲ. ಕಡಲೆಯನ್ನು ಮಾತ್ರ ಎಲ್ಲರೂ ಕಡಲಿ ಅನ್ನುತ್ತಾರೆ. ಒಡಕು ಮೈಕು ‘ಕಡಲಿನ’ದ ಕೊನೆಯಕ್ಷರ ನುಂಗಿತು. ಕಡಲೆ ಚೀಲ ಹೇರಿ ನಿಂತಿದ್ದ ಟ್ರ್ಯಾಕ್ಟರುಗಳಿಂದ ರೈತರು ಇಳಿದು ಬಂದರು.

“ಏ ಮೈಕಣ್ಣ, ಕಡಲಿ ಏರಿಕಿ ಯಾಕ ತಡೀತಿ?” ಹುಲುಗಪ್ಪನೆಂಬ ರೈತ ಹ್ಯಾಂಡಲ್ ಹಿಡಿದ. “ಈಗರ ಒಂಚೂರು ರೇಟ್ ಏರಾಕತ್ತೈತಿ. ಯಾವ ಸಾವ್ಕಾರ ಕಳಿಸ್ಯಾನ ನಿನ್ನ?”

“ಕಡಲಿ ಅಲ್ಲಪ್ಪೋ, ಕಡಲು! ಸಮುದ್ರ! ಹೊಗಿ ಕಡಿಮಿ ಮಾಡಿದ್ರ ಅದು ನಿಧಾನ ಏರ್ತೈತಿ.”

“ಹಂಗಂತ ನಿನ್ನ ಗಾಡಿಗೆ ಹೇಳಿಯೇನು?” ಹುಲುಗಪ್ಪ ಮುಖದ ಮುಂದೆ ಕೈ ಬೀಸಿದ.

ಜನ ನಕ್ಕರು. ಮರಿಬಸಪ್ಪ ಮೈಕಿನಲ್ಲೇ ವಾದಕ್ಕಿಳಿದ. ನಿಂತ ಗಾಡಿಯ ಹೊಗೆ ಹಿಂದಿನ ಸೀಟಿಗೆ ನುಗ್ಗಿತು. ಸರೋಜಾ ಕೆಮ್ಮಿದಳು, ಮತ್ತೆ ಕೆಮ್ಮಿದಳು, ಆಮೇಲೆ ಕೆಮ್ಮಲೂ ಉಸಿರಿರಲಿಲ್ಲ.

“ಆರ್ಸ್ರಿ,” ಎಂದಳು, ಗಾಳಿಗಿಂತ ತೆಳ್ಳಗೆ.

“ತಡೀಲೇ, ಮತ್ತ ಹತ್ತಂಗಿಲ್ಲ!” ಅದೂ ಮೈಕಿನಲ್ಲೇ ಹೋಗಿ ಕುರುಗೋಡಿಗೆಲ್ಲ ಕೇಳಿಸಿತು.

ಸರೋಜಾ ಅವನ ಹೆಗಲ ಮೇಲಿಂದ ಬಗ್ಗಿ ಕೀಲಿ ತಿರುವಿ ಕಿತ್ತುಕೊಂಡಳು. ಇಂಜಿನ್ ಒದ್ದಾಡಿ ಸತ್ತಿತು. ಅದರ ಜೊತೆಗೇ ಮೈಕೂ.

ಇಳಿದು ಬೇವಿನ ನೆರಳಲ್ಲಿ ಕೂತು, ಹೋದ ಉಸಿರು ಚೂರುಚೂರಾಗಿ ಮರಳುವವರೆಗೆ ಗಂಡನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಹಳಸಿದ ಸಾರನ್ನು ಚೆಲ್ಲುವ ಮುಂಚೆ ನೋಡುತ್ತಾರಲ್ಲ, ಹಾಗೆ.

“ಕೀಲಿ ಕೊಡಲೇ ಸರೋಜಿ, ಸಿರುಗುಪ್ಪ ಮುಟ್ಟಬೇಕು.”

“ಕರೆಂಟಿನ ಆಟೊ ತಗೊಂಡ ದಿನ ರಾರಾವಿಗೆ ಬರ್ರಿ. ಅಲ್ಲೀತನಕ ನಡ್ಕೊಂತ ಸಾರ್ರಿ. ಸಮುದ್ರ ನಿಧಾನ ಏರ್ತೈತಿ ಅಂತ ನೀವ ಹೇಳಿದ್ರಲ್ಲ, ಗಡಿಬಿಡಿ ಏನೈತಿ?”

ಸಿರುಗುಪ್ಪದ ಬಸ್ಸು ಬಂತು. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹತ್ತಿದಳು. ಹಿಂದೆ ರೈತರು ನಗುತ್ತ ಆಟೊವನ್ನು ರಸ್ತೆಯ ಅಂಚಿಗೆ ತಳ್ಳುತ್ತಿದ್ದರು. ಮರಿಬಸಪ್ಪ ಬಾಯಿ ತೆರೆದು ಏನೋ ಕೂಗುತ್ತಿದ್ದ. ಮೈಕಿಲ್ಲದೆ ಅದು ಬಸ್ಸಿನ ಮೆಟ್ಟಿಲಿನವರೆಗೂ ತಲುಪಲಿಲ್ಲ.